ಪೋಸ್ಟರ್‌ನಲ್ಲಿ ಬಾಗಿದ ಬಾಗಿಲು

ರಘು: ಈ ಪೋಸ್ಟರ್ ನೋಡಿ. ಎಡಕ್ಕೆ ರೂಪದರ್ಶಿಯ ತಿದ್ದಿದ ಫೋಟೋ, ಬಲಕ್ಕೆ ಅಸಲಿ. ಸೊಂಟದ ಪಕ್ಕ ಗಮನಿಸಿ, ಅದನ್ನ ಸಣ್ಣ ಮಾಡೋಕೆ ಹೋಗಿ ಹಿಂದಿನ ಬಾಗಿಲ ಚೌಕಟ್ಟೇ ಒಳಕ್ಕೆ ಬಾಗಿದೆ. ಇಂಥ ಫೋಟೋ ನೋಡಿ ಶಾಲೆಯ ಮಕ್ಕಳು ತಮ್ಮ ಮೈ ಬಗ್ಗೆ ಕುಗ್ಗದಿರೋಕೆ ಇಷ್ಟು ತೋರಿಸಿಕೊಟ್ಟರೆ ಸಾಕು.

ಸುಧಾ: ಸಾಕಾಗಲ್ಲ ಕಣೋ. ಮೋಸ ಗೊತ್ತಾದ ಮೇಲೂ ತಮ್ಮ ಸೊಂಟ ನೋಡ್ಕೊಳ್ಳೋದು ನಿಲ್ಲಲ್ಲ. ಫ್ರಾನ್ಸ್‌ನಲ್ಲಿ 2017ರಿಂದ ಜಾಹೀರಾತಿನಲ್ಲಿ ರೂಪದರ್ಶಿಯ ಮೈ ತಿದ್ದಿದ್ರೆ 'ತಿದ್ದಿದ ಫೋಟೋ' ಅಂತ ಬರೀಲೇಬೇಕು. ಇಂಥ ಚೀಟಿ ಹಾಕಿ ನಡೆಸಿದ ಹೆಚ್ಚಿನ ಪ್ರಯೋಗಗಳಲ್ಲಿ ನೋಡಿದವರಿಗೆ ತಮ್ಮ ಮೈ ಬಗ್ಗೆ ಇರೋ ಅತೃಪ್ತಿ ಕಡಿಮೆ ಆಗಿಲ್ಲ. ಹೋಲಿಕೆ ಕ್ಷಣದಲ್ಲಿ ಆಗಿಹೋಗುತ್ತೆ, ವಿವೇಕ ಆಮೇಲೆ ಬರುತ್ತೆ. 'ಸೊಂಟ ತಿದ್ದಿದೆ' ಅಂತ ಬರೆದ್ರೆ ಕಣ್ಣು ನೇರ ಸೊಂಟಕ್ಕೇ ಹೋಗುತ್ತೆ.

ರಘು: ಹಾಗಾದ್ರೆ ಮೀಡಿಯಾ ಬಗ್ಗೆ ಮಾತೇ ಬೇಡ್ವಾ? ಪೆಸಿಫಿಕ್‌ನ ದ್ವೀಪ ದೇಶ ಫಿಜಿ ಮರೆತ್ಯಾ? ಅಲ್ಲಿನ ನಡ್ರೋಗಾ ಪ್ರಾಂತ್ಯಕ್ಕೆ ಟಿವಿ ಬಂದದ್ದು 1995ರಲ್ಲಿ. ತೂಕ ಇಳಿಸೋಕೆ ಬೇಕಂತಲೇ ವಾಂತಿ ಮಾಡ್ಕೊಳ್ಳೋ ಶಾಲಾ ಹುಡುಗಿಯರು ಆಗ ಸೊನ್ನೆ, 1998ರ ಸಮೀಕ್ಷೆಯಲ್ಲಿ ನೂರಕ್ಕೆ 11.

ಇಮ್ತಿಯಾಜ್: ಆ ಸಮೀಕ್ಷೆ ಮಾಡಿದ ಸಂಶೋಧಕಿ ಆನ್ ಬೆಕರ್ ತಂಡವೇ 2011ರಲ್ಲಿ ಹೇಳಿದ್ದನ್ನೂ ಸೇರಿಸು. ಹುಡುಗಿ ತಾನೇ ಟಿವಿ ನೋಡೋದಕ್ಕಿಂತ ಅವಳ ಗೆಳತಿಯರು ನೋಡೋದರ ಪರಿಣಾಮವೇ ಹೆಚ್ಚಿರಬಹುದು ಅಂತ. ಪರದೆಯಲ್ಲಿ ಬಂದದ್ದು ಗೆಳತಿಯ ಬಾಯಲ್ಲಿ 'ನಾನೆಷ್ಟು ದಪ್ಪ ಆಗಿದೀನಿ ನೋಡೇ' ಅಂತ ಹೊರಬಂದಾಗಲೇ ನಾಟೋದು. ಪಕ್ಕದವಳು 'ನೀನೆಲ್ಲಿ ದಪ್ಪ, ನನ್ನ ನೋಡು' ಅಂತಾಳೆ. ಸಮಾಧಾನ ಹೇಳಿದ ಹಾಗೆ ಕಾಣುತ್ತೆ, ಆದ್ರೆ ಇಬ್ಬರೂ ಅಳತೆಗೋಲನ್ನ ಒಪ್ಪಿಕೊಂಡಾಯ್ತು.

ಶೈಲಜಾ: ಇನ್ನೊಂದು. ಫೋಟೋ ತಿದ್ದದೇ ಇದ್ರೂ ಕ್ಯಾಮೆರಾ ಸುಳ್ಳು ಹೇಳುತ್ತೆ. ಮುಖದಿಂದ 30 ಸೆಂ.ಮೀ. ದೂರದ ಸೆಲ್ಫಿಯಲ್ಲಿ ಮೂಗು, ಒಂದೂವರೆ ಮೀಟರ್ ದೂರದಿಂದ ತೆಗೆದದ್ದಕ್ಕಿಂತ ಸುಮಾರು ಶೇ. 30 ಅಗಲ ಕಾಣುತ್ತೆ. ಎರಡೂ ದೂರದಿಂದ ಮಕ್ಕಳ ಕೈಯಲ್ಲೇ ತೆಗೆಸಿ, ಪಕ್ಕ ಪಕ್ಕ ಇಡಿಸಿ. ಆಮೇಲೆ, ಪೋಸ್ಟರ್‌ನಲ್ಲಿ ಹುಡುಗರೇ ಇಲ್ವಲ್ಲ? ಅವರಲ್ಲಿ ಹಲವರ ಚಿಂತೆ ಸಣ್ಣ ಆಗೋದಲ್ಲ, ಸ್ನಾಯು ಬೆಳೆಸೋದು. ಕಸರತ್ತು ಮುಗಿದ ತಕ್ಷಣ, ಮೇಲಿಂದ ಬೆಳಕು ಬಿಟ್ಟು ತೆಗೆದ ಹೊಟ್ಟೆಯ ಫೋಟೋ ನೋಡಿ ಅವರೂ ಕುಗ್ತಾರೆ.

ರಘು: ಸರಿ, ಪೋಸ್ಟರ್ ಬದಲು ಏನು ಮಾಡಬೇಕು?

ಸುಧಾ: ಆರರಿಂದ ಎಂಟು ಮಕ್ಕಳ ಗುಂಪು, ಒಂದೊಂದು ಗಂಟೆಯ ನಾಲ್ಕು ಸಭೆ. ಬರಲೇಬೇಕು ಅನ್ನೋ ಒತ್ತಾಯ ಇರಬಾರದು. 'ಈ ಥರ ಕಾಣೋಕೆ ಹೊರಟರೆ ಹಣ, ಸಮಯ, ಆರೋಗ್ಯದಲ್ಲಿ ಏನೇನು ಕಳ್ಕೋತೀವಿ, ಲಾಭ ಯಾರಿಗೆ' ಅಂತ ಮಕ್ಕಳೇ ಪಟ್ಟಿ ಮಾಡಲಿ. ತಮಗಿಂತ ಚಿಕ್ಕವಳಿಗೆ ಅದನ್ನೇ ಪತ್ರವಾಗಿ ಬರೆದು ಗುಂಪಲ್ಲಿ ಓದಲಿ. ಆಮೇಲೆ ದಪ್ಪದ ಮಾತು ಬಂದಾಗ ಏನು ಉತ್ತರ ಕೊಡೋದು ಅಂತ ಇಬ್ಬಿಬ್ಬರಾಗಿ ಅಭಿನಯಿಸಲಿ. ಕೆಡೋದು ಎಲ್ಲಿ ಅಂದ್ರೆ, ದೊಡ್ಡವರು ಉಪನ್ಯಾಸ ಶುರು ಮಾಡಿದಾಗ. ಮಗು ತನ್ನ ಬಾಯಾರೆ ಆ ಆದರ್ಶದ ವಿರುದ್ಧ ವಾದಿಸಿದ್ರೇನೇ ಮನಸ್ಸು ಬದಲಾಗೋದು, ಕೇಳಿಸ್ಕೊಂಡ್ರೆ ಅಲ್ಲ.

ಇಮ್ತಿಯಾಜ್: ತೂಕದ ಅಂಕಿ, ಕ್ಯಾಲೊರಿ, ವಾಂತಿ ಮಾಡೋ ವಿಧಾನ ಯಾವುದೂ ಬಾಯಿಗೆ ಬರಬಾರದು. ಎಚ್ಚರಿಕೆ ಅಂತ ಹೇಳಿದ್ದು ಕಲಿಕೆ ಆಗಿಬಿಡುತ್ತೆ. ಪೋಸ್ಟರ್ ಮೂಲೆ ನೋಡು ರಘು, '46 ಕೆ.ಜಿ.' ಅಂತಿದೆ.

ರಘು: ಕಂಡಿರಲಿಲ್ಲ. ಯಾರಿಗೂ ಕಳಿಸಲ್ಲ, ಈ ಗ್ರೂಪ್‌ನಿಂದಲೂ ಡಿಲೀಟ್ ಮಾಡ್ತೀನಿ. ಆದ್ರೂ ಮೊದಲ ಸಭೆಗೆ ಆ ಬಾಗಿದ ಚೌಕಟ್ಟನ್ನಷ್ಟೇ ಕತ್ತರಿಸಿ ಇಟ್ಕೋತೀನಿ. ಮಾತು ಶುರು ಮಾಡೋಕೆ ಒಂದು ವಸ್ತು ಬೇಕಲ್ವಾ?

ಸುಧಾ: ಇಟ್ಕೋ. ಆದ್ರೆ ಏನು ಬಾಗಿದೆ ಅಂತ ನೀನು ಹೇಳಬೇಡ.