ಜ್ವರಕ್ಕೆ ನೋವಿನ ಮಾತ್ರೆ ಕೊಟ್ಟರೆ ಕಾಯಿಲೆ ಜೋರಾಗುತ್ತದಾ?

ಸುರತ್ಕಲ್‌ನಿಂದ, ಕೇಳಿದವರು:
ನಮ್ಮ ಮನೆಯವರಿಗೆ ನಿನ್ನೆಯಿಂದ ಜ್ವರ, ವಿಪರೀತ ಮೈಕೈ ನೋವು. ಐಬುಪ್ರೊಫೆನ್, ಪ್ಯಾರಸಿಟಮಾಲ್ ಎರಡೂ ಸೇರಿದ ಮಾತ್ರೆಯನ್ನು ಮೆಡಿಕಲ್‌ನಿಂದ ತಂದಿದ್ದೇನೆ. ನೋವಿನ ಮಾತ್ರೆ ಕೊಟ್ಟರೆ ವೈರಸ್ ಜ್ವರ ಜೋರಾಗುತ್ತದೆ ಎಂದು ಅತ್ತೆ ತಡೆದಿದ್ದಾರೆ. ಕೊರೊನಾ ಸಮಯದಲ್ಲೂ ಹೀಗೇ ಹೇಳುತ್ತಿದ್ದರು ಅಲ್ವಾ? ಅನುಭವ ಇದ್ದವರು ಹೇಳಿ.

ಜೆಪ್ಪುವಿನಿಂದ:
ಅಕ್ಕ, ಸದ್ಯಕ್ಕೆ ಅತ್ತೆಯ ಮಾತು ಕೇಳಿ. 2019ರ ಮಳೆಗಾಲದಲ್ಲಿ ಮಂಗಳೂರಿನ ಗುಜ್ಜರಕೆರೆ, ಅರೆಕೆರೆಬೈಲು ಕಡೆ ಡೆಂಗಿ ಹಬ್ಬಿತ್ತಲ್ಲ, ಆಗ ನನ್ನ ತಮ್ಮನಿಗೂ ಬಂದಿತ್ತು. ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ "ಯಾವ ಮಾತ್ರೆ ನುಂಗಿದ್ದೀರಿ?" ಎಂದು. ಡೆಂಗಿಯಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಇಳಿಯುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಉಳಿದ ಪ್ಲೇಟ್‌ಲೆಟ್‌ನ ಕೆಲಸಕ್ಕೂ ಅಡ್ಡ ಬರುತ್ತವೆ, ಹೊಟ್ಟೆಯನ್ನೂ ಕೆರಳಿಸುತ್ತವೆ. ರಕ್ತ ಹೋಗುವ ಭಯ ಇರುವುದು ಅದಕ್ಕೇ. ನಮ್ಮಲ್ಲಿ ಮಳೆಗಾಲದ ಜ್ವರ ಯಾವುದೆಂದು ಮುಟ್ಟಿ ನೋಡಿ ಹೇಳಲಿಕ್ಕೆ ಆಗುವುದಿಲ್ಲ. ಡೆಂಗಿಯ ಎನ್‌ಎಸ್1 ಟೆಸ್ಟ್ ಮೊದಲ ಕೆಲವು ದಿನಗಳಲ್ಲೇ ಚೆನ್ನಾಗಿ ಗೊತ್ತಾಗುವುದು. ಜೊತೆಗೆ ಮಲೇರಿಯಾವನ್ನೂ ನೋಡಿಸಿ.

ಉಡುಪಿಯಿಂದ, ಮೆಡಿಕಲ್ ಶಾಪ್‌ನಲ್ಲಿ ಇರುವವರು:
"ಸ್ವಲ್ಪ ಪವರ್ ಇರುವುದು ಕೊಡಿ" ಎಂದು ಕೇಳುವವರೇ ಜಾಸ್ತಿ ಮಾರಾಯ್ರೆ. ಪವರ್ ಎಂದರೆ ಹೆಚ್ಚಾಗಿ ಇಂಥದ್ದೇ ಎರಡು ಸೇರಿದ ಮಾತ್ರೆ. ಹೆಸರು ಬಿಡಿ, ಸ್ಟ್ರಿಪ್ಪಿನ ಹಿಂದೆ ಬರೆದದ್ದು ಓದಿ. ಡೋಲೋ 650ರಲ್ಲಿ ಬರೀ ಪ್ಯಾರಸಿಟಮಾಲ್. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಕೂಡ ಉಂಟು. ಮೆಫ್ಟಾಲ್‌ನಲ್ಲಿ ಮೆಫೆನಾಮಿಕ್ ಆಸಿಡ್, ಅದೂ ಐಬುಪ್ರೊಫೆನ್ ಜಾತಿಯೇ. ಮಕ್ಕಳ ಜ್ವರದ ಸಿರಪ್ಪಿನಲ್ಲೂ ಬರುತ್ತದೆ, ನೋಡಿ ಕೊಡಿ. ಇದೇ ಜಾತಿಯ ನಿಮೆಸುಲೈಡ್ ಅಂತೂ 12 ವರ್ಷದೊಳಗಿನ ಮಕ್ಕಳಿಗೆ 2011ರಲ್ಲೇ ನಿಷೇಧವಾಗಿದೆ.

ಪ್ಯಾರಸಿಟಮಾಲ್ ಈ ಜಾತಿಯದ್ದಲ್ಲ, ಹಾಗೆಂದು ಎಷ್ಟು ಬೇಕಾದರೂ ನುಂಗಬಹುದು ಎಂದಲ್ಲ. ದೊಡ್ಡವರಿಗೆ 24 ಗಂಟೆಯಲ್ಲಿ ಎಲ್ಲ ಸೇರಿ 4 ಗ್ರಾಂ ದಾಟಬಾರದು, ಲಿವರಿಗೆ ಪೆಟ್ಟು. ಕುಡಿಯುವವರಿಗೆ, ತೂಕ ಕಡಿಮೆ ಇರುವವರಿಗೆ ಅದಕ್ಕಿಂತ ಕಡಿಮೆ. ಶೀತದ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಅಡಗಿರುತ್ತದೆ. ಜನ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮಣಿಪಾಲದಿಂದ:
ಮೂಲ ಪ್ರಶ್ನೆ ಹಾಗೇ ಉಳಿಯಿತು. ಕೊರೊನಾದ ಆ ಗಾಬರಿ ಶುರುವಾದದ್ದು 2020ರ ಮಾರ್ಚ್‌ನಲ್ಲಿ. ಐಬುಪ್ರೊಫೆನ್‌ನಿಂದ ಸೋಂಕು ಬಿಗಡಾಯಿಸಬಹುದು ಎಂದು ಫ್ರಾನ್ಸಿನ ಆರೋಗ್ಯ ಮಂತ್ರಿ ಒಲಿವಿಯೆ ವೆರಾನ್ ಟ್ವೀಟ್ ಮಾಡಿದ್ದರು. ಕೆಲವೇ ದಿನಗಳಲ್ಲಿ, ಅದನ್ನು ಬೇಡ ಎಂದು ನಾವು ಹೇಳುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು. ಆಮೇಲಿನ ಅಧ್ಯಯನಗಳಲ್ಲೂ ಅದರಿಂದ ಕೊರೊನಾ ಜೋರಾದದ್ದು ಕಾಣಲಿಲ್ಲ.

ಹಾಗೆಂದು ಅನುಮಾನಕ್ಕೆ ಬುಡವೇ ಇಲ್ಲ ಎನ್ನಲೂ ಆಗದು. 1990ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತರಿಗೆ ಬೇಕೆಂದೇ ಶೀತದ ವೈರಸ್ ಕೊಟ್ಟಿದ್ದರು. ಆಸ್ಪಿರಿನ್ ಅಥವಾ ಪ್ಯಾರಸಿಟಮಾಲ್ ತೆಗೆದುಕೊಂಡವರಲ್ಲಿ ವೈರಸ್ ವಿರುದ್ಧದ ಪ್ರತಿಕಾಯ ಕಡಿಮೆ ಬಂತು, ಮೂಗಿನ ತೊಂದರೆ ಜಾಸ್ತಿ ಆಯಿತು. ಆದರೆ ಅದು ಸಣ್ಣ ಪ್ರಯೋಗ, ಬರೀ ಶೀತದ್ದು. ಅಷ್ಟಕ್ಕೆ ಹೆದರಿ ನರಳಬೇಕಾಗಿಲ್ಲ. ಹಾಗೆಯೇ ಸಣ್ಣ ಜ್ವರ ಕಂಡ ಕೂಡಲೇ ಮಾತ್ರೆ ನುಂಗುವುದೂ ಬೇಡ.

ಮಕ್ಕಳ ವಿಷಯ ಬೇರೆ. ಫ್ಲೂ, ಚಿಕನ್ ಪಾಕ್ಸ್ ಇರುವಾಗ ಆಸ್ಪಿರಿನ್ ಕೊಟ್ಟರೆ ರೇಸ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆ ಬರಬಹುದು, ಮೆದುಳು, ಲಿವರ್ ಎರಡೂ ಕೆಡುತ್ತವೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಎಚ್ಚರಿಕೆ ಕೊಟ್ಟ ಮೇಲೆ ಅದು ತುಂಬಾ ಕಡಿಮೆಯಾಯಿತು. ಚಿಕನ್ ಪಾಕ್ಸ್‌ನಲ್ಲಿ ಐಬುಪ್ರೊಫೆನ್ ಕೂಡ ಕೊಡುವುದಿಲ್ಲ.

ಕಾರ್ಕಳದಿಂದ:
ಗದ್ದೆಗೆ, ತೋಟಕ್ಕೆ ಇಳಿಯುವವರಾದರೆ ಇಲಿಜ್ವರವನ್ನೂ ಮರೆಯಬೇಡಿ. ಅದು ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಮೀನಖಂಡ ಮುಟ್ಟಲಿಕ್ಕಾಗದಷ್ಟು ನೋವು ಬರುತ್ತದೆ, ಜನ ಕೆಲಸ ಮಾಡಿದ ನೋವು ಎಂದುಕೊಂಡು ನೋವಿನ ಮಾತ್ರೆ ನುಂಗುತ್ತಾರೆ. ಇಲಿಜ್ವರ ಮೊದಲೇ ಕಿಡ್ನಿಗೆ ಹೊಡೆಯುವ ಕಾಯಿಲೆ. ಐಬುಪ್ರೊಫೆನ್‌ನಂಥ ಮಾತ್ರೆಗಳೂ ಕಿಡ್ನಿಗೆ ಭಾರ. ನಮ್ಮ ಭಾವನಿಗೆ ಡಾಕ್ಟರು ಸಮಯಕ್ಕೆ ಸರಿಯಾಗಿ ಆಂಟಿಬಯಾಟಿಕ್ ಶುರು ಮಾಡಿದ್ದರಿಂದ ಬಚಾವಾದರು.

ಮತ್ತೆ ಜೆಪ್ಪುವಿನಿಂದ:
ಹೇಳಲು ಬಿಟ್ಟುಹೋಯಿತು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಹೆಚ್ಚು ಅಪಾಯ. ಜ್ವರ ಬಿಟ್ಟಿತು ಎಂದು ಟೆಸ್ಟ್ ತಪ್ಪಿಸಬೇಡಿ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ತೀರಾ ಸುಸ್ತು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಗಂಜಿ ತಿಳಿ, ಬೊಂಡ, ಒಆರ್‌ಎಸ್ ಕೊಡುತ್ತಾ ಇರಿ.

ಬಜಪೆಯಿಂದ:
ಮನೆಯವರು ಹಾರ್ಟಿಗೆ ಇಕೋಸ್ಪ್ರಿನ್ ತೆಗೆದುಕೊಳ್ಳುತ್ತಾರಾ? ಅದೂ ಆಸ್ಪಿರಿನ್ನೇ. ಆದರೆ ಇದನ್ನೆಲ್ಲ ಓದಿ ನೀವಾಗಿ ನಿಲ್ಲಿಸಬೇಡಿ, ಸ್ಟೆಂಟ್ ಇದ್ದರಂತೂ ಬೇಡವೇ ಬೇಡ. ಡಾಕ್ಟರಿಗೆ ಮೊದಲೇ ಹೇಳಿ, ಅವರು ಪ್ಲೇಟ್‌ಲೆಟ್ ನೋಡಿ ತೀರ್ಮಾನ ಮಾಡುತ್ತಾರೆ.