ಪೇಲ್ ಏಲ್‌ಗೆ ಬದಲಿ ಪದಾರ್ಥ: ಗ್ರಾವಿಟಿ 1.020ರಲ್ಲೇ ನಿಂತಿದೆ, ಕಹಿಯೂ ಹೆಚ್ಚಾಗಿದೆ

ಪ್ರಶ್ನೆ:
20 ಲೀಟರ್ ಪೇಲ್ ಏಲ್ ಬಿಯರ್‌ನ ಪಾಕವಿಧಾನವೊಂದನ್ನು ದೊರೆತ ಪದಾರ್ಥಗಳಿಗೆ ಹೊಂದಿಸಿಕೊಂಡು ತಯಾರಿಸಿದ್ದೇನೆ. 60 ನಿಮಿಷ ಕುದಿಸಲು ಹೇಳಿದ್ದ, ಶೇ. 6 ಆಲ್ಫಾ ಆಮ್ಲದ (ಕಹಿ ಕೊಡುವ ಅಂಶ) 30 ಗ್ರಾಂ ಕ್ಯಾಸ್ಕೇಡ್ ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂ) ಬದಲು ಶೇ. 13ರ ಮ್ಯಾಗ್ನಮ್ ಅನ್ನು ಅಷ್ಟೇ ತೂಕದಲ್ಲಿ ಹಾಕಿದೆ. ಯುಎಸ್-05 ಯೀಸ್ಟ್ ಬದಲು ವಿಂಡ್ಸರ್ ಬಳಸಿದೆ. ಆರಂಭದ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಸಕ್ಕರೆ ಹುದುಗಿದಂತೆ ಇಳಿಯುತ್ತದೆ) 1.052 ಇದ್ದು, 1.012ಕ್ಕೆ ಇಳಿಯಬೇಕಾದದ್ದು 1.020ರಲ್ಲೇ ನಿಂತಿದೆ. ಕುಡಿದರೆ ಮೊದಲು ಸಿಹಿ, ಆಮೇಲೆ ನಾಲಿಗೆಯ ಹಿಂಬದಿಯಲ್ಲಿ ಬಹಳ ಹೊತ್ತು ಉಳಿಯುವ ಕಹಿ. ಬಾಟಲಿಗೆ ತುಂಬಬಹುದೇ?

ಉತ್ತರ:
ಈಗಲೇ ತುಂಬಬೇಡಿ. 1.020 ಎಂಬ ಅಳತೆ ರಿಫ್ರಾಕ್ಟೋಮೀಟರಿನದ್ದೇ (ಬೆಳಕು ಬಾಗುವುದನ್ನು ನೋಡಿ ಅಳೆಯುವ ಸಾಧನ), ಹೈಡ್ರೋಮೀಟರಿನದ್ದೇ (ದ್ರವದಲ್ಲಿ ತೇಲಿಸಿ ಅಳೆಯುವ ಸಾಧನ) ಎಂಬುದನ್ನು ಮೊದಲು ತಿಳಿಸಿ. ಆಲ್ಕೋಹಾಲ್ ಬೆರೆತ ಮೇಲೆ ರಿಫ್ರಾಕ್ಟೋಮೀಟರ್ ನಿಜಕ್ಕಿಂತ ಹೆಚ್ಚು ತೋರಿಸುವುದರಿಂದ, ಲೆಕ್ಕ ತಿದ್ದದೆ ಅದನ್ನು ನಂಬುವಂತಿಲ್ಲ.

ಪ್ರಶ್ನೆ ಕೇಳಿದವರು:
ಹೈಡ್ರೋಮೀಟರಿನದ್ದೇ. ಮೂರು ದಿನಗಳ ಅಂತರದಲ್ಲಿ ಎರಡು ಬಾರಿ ನೋಡಿದಾಗಲೂ ಅಷ್ಟೇ ಇತ್ತು.

ಉತ್ತರ:
ಹಾಗಿದ್ದರೆ ಯೀಸ್ಟ್ ಸೋತಿಲ್ಲ, ತನ್ನ ಪಾಲಿನ ಕೆಲಸ ಮುಗಿಸಿದೆ. ವರ್ಟ್‌ನಲ್ಲಿ (ಮೊಳಕೆ ಧಾನ್ಯದ, ಅಂದರೆ ಮಾಲ್ಟ್‌ನ, ಹುದುಗದ ಸಿಹಿ ರಸ) ಹುದುಗಬಲ್ಲ ಸಕ್ಕರೆಗಳ ಪೈಕಿ ಮಾಲ್ಟೋಸ್‌ನ ನಂತರದ ದೊಡ್ಡ ಪಾಲು ಮಾಲ್ಟೋಟ್ರಯೋಸ್‌ನದು. ಯುಎಸ್-05 ಅದನ್ನು ಬಳಸಿಕೊಳ್ಳುತ್ತದೆ, ವಿಂಡ್ಸರ್ ಬಳಸಿಕೊಳ್ಳುವುದಿಲ್ಲ. ಎರಡೂ ಏಲ್ ಯೀಸ್ಟ್‌ಗಳೇ ಆಗಿದ್ದರೂ ಒಂದರ ಜಾಗಕ್ಕೆ ಇನ್ನೊಂದು ಬಂದಾಗ ಬಿಯರ್ ಸಿಹಿಯಾಗಿ ಉಳಿಯುವುದು ಇದೇ ಕಾರಣಕ್ಕೆ. ಸ್ವಲ್ಪ ವರ್ಟ್‌ನಲ್ಲಿ ಯುಎಸ್-05 ಅನ್ನು ಹುದುಗಲು ಬಿಟ್ಟು, ಚೆನ್ನಾಗಿ ನೊರೆಯೇಳುತ್ತಿರುವಾಗಲೇ ಬಿಯರ್‌ಗೆ ಸೇರಿಸಿ 20–22 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಒಣ ಯೀಸ್ಟನ್ನು ನೇರವಾಗಿ ಉದುರಿಸಿದರೆ, ಆಲ್ಕೋಹಾಲ್ ಇರುವ, ಪೋಷಕಾಂಶ ತೀರಿದ ಬಿಯರ್‌ನಲ್ಲಿ ಅದು ಚುರುಕಾಗದೇ ಹೋಗಬಹುದು. ಗ್ರಾವಿಟಿ ಇಳಿದು ಮತ್ತೆ ಸ್ಥಿರವಾದ ಮೇಲಷ್ಟೇ ಬಾಟಲಿಯ ಮಾತು. ಹುದುಗುವಿಕೆ ನಡೆಯುತ್ತಿರುವಾಗಲೇ ಮುಚ್ಚಿಟ್ಟರೆ ಬಾಟಲಿ ಸಿಡಿಯುತ್ತದೆ, ಗಾಜಿನ ಚೂರು ಕಣ್ಣಿಗೆ ಹಾರುವ ಅಪಾಯವಿದೆ.

ಇನ್ನು ಕಹಿ. ಹಾಪ್ಸ್ ಬದಲಿಸುವಾಗ ಸರಿದೂಗಿಸಬೇಕಾದದ್ದು ತೂಕವನ್ನಲ್ಲ, ತೂಕ ಮತ್ತು ಆಲ್ಫಾ ಆಮ್ಲದ ಗುಣಲಬ್ಧವನ್ನು. ಮೂಲದಲ್ಲಿ ಅದು 30×6, ಅಂದರೆ 180, ನಿಮ್ಮದರಲ್ಲಿ 390. ಮ್ಯಾಗ್ನಮ್ ಸುಮಾರು 14 ಗ್ರಾಂ ಇದ್ದರೆ ಸಾಕಾಗುತ್ತಿತ್ತು. ಕರಗಿದ ಕಹಿಯನ್ನು ಮನೆಯಲ್ಲಿ ಹೊರತೆಗೆಯುವ ಒಳ್ಳೆಯ ಉಪಾಯವಿಲ್ಲವಾದ್ದರಿಂದ, 60 ನಿಮಿಷದ ಹಾಪ್ಸ್ ಬಿಟ್ಟು ಕೊನೆಯ ಸುವಾಸನೆಯ ಹಾಪ್ಸ್ ಮಾತ್ರ ಹಾಕಿದ ಇನ್ನೊಂದು 20 ಲೀಟರ್ ತಯಾರಿಸಿ ಸಮಪಾಲಿನಲ್ಲಿ ಬೆರೆಸುವುದೇ ನನ್ನ ಸಲಹೆ. ಆಗ ಲೆಕ್ಕ 195ರ ಆಸುಪಾಸಿಗೆ ಬರುತ್ತದೆ. ಬೆರೆಸುವಾಗ ಸುರಿಯಬೇಡಿ, ಕೊಳವೆಯಿಂದ ತಳಕ್ಕೆ ಇಳಿಸಿ. ಗಾಳಿ ಸೇರಿದರೆ ಹಾಪ್ಸ್‌ನ ಪರಿಮಳವೇ ಮೊದಲು ಹಾಳಾಗುತ್ತದೆ.

ಪ್ರಶ್ನೆ ಕೇಳಿದವರು:
ಆ ಎರಡನೆಯ ತಯಾರಿಗೆ 60 ಲೋವಿಬಾಂಡ್ (ಮಾಲ್ಟ್‌ನ ಬಣ್ಣದ ಗಾಢತೆಯ ಅಳತೆ) ಕ್ರಿಸ್ಟಲ್ ಮಾಲ್ಟ್ ಸಿಗುತ್ತಿಲ್ಲ, 120ರದ್ದು ಮಾತ್ರ ಇದೆ. ಪಾಕವಿಧಾನದಲ್ಲಿ 500 ಗ್ರಾಂ ಇದೆ.

ಉತ್ತರ:
250 ಗ್ರಾಂ ಹಾಕಿ, ಉಳಿದ 250 ಗ್ರಾಂ ಬೇಸ್ ಮಾಲ್ಟ್‌ನಿಂದ (ಪಾಕವಿಧಾನದ ಮುಖ್ಯ ಪಾಲಾದ ತಿಳಿ ಬಣ್ಣದ ಮಾಲ್ಟ್) ತುಂಬಿಸಿ. ಬಣ್ಣ ಹೆಚ್ಚುಕಡಿಮೆ ಸರಿಹೋಗುತ್ತದೆ, ರುಚಿ ಮಾತ್ರ ಕ್ಯಾರಮೆಲ್‌ನಿಂದ ಒಣದ್ರಾಕ್ಷಿಯತ್ತ ವಾಲುತ್ತದೆ. ಆ ರುಚಿ ಬೇಡವೆನಿಸಿದರೆ 150 ಗ್ರಾಂಗೆ ಇಳಿಸಿ. ಬಣ್ಣ ತುಸು ತಿಳಿಯಾಗುವುದನ್ನು ಒಪ್ಪಿಕೊಳ್ಳುವುದು ಪೇಲ್ ಏಲ್‌ನಲ್ಲಿ ಕಷ್ಟವೇನಲ್ಲ.