ಸ್ವಿಫ್ಟ್‌ಗೆ 15 ಇಂಚೋ 16 ಇಂಚೋ? ಅಲಾಯ್ ಹಾಕಿಸಿದವರು ಅನುಭವ ಹೇಳಿ

ಹಾಸನದ ಸ್ವಿಫ್ಟ್:
ನಮಸ್ಕಾರ. 2019ರ ಸ್ವಿಫ್ಟ್ ವಿಎಕ್ಸ್‌ಐ, ಕಂಪನಿ ಕೊಟ್ಟ ಟೈರ್ 165/80 ಆರ್14 (ಅಗಲ 165 ಎಂಎಂ, ಪಕ್ಕೆಯ ಎತ್ತರ ಅದರ ಶೇ. 80, ರಿಮ್ 14 ಇಂಚು), ಸ್ಟೀಲ್ ರಿಮ್. 48,000 ಕಿ.ಮೀ. ಓಡಿದೆ, ಟೈರ್ ಸವೆದಿದೆ. ಹೇಗೂ ಬದಲಾಯಿಸಬೇಕಲ್ಲ, ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ ರಿಮ್) ಹಾಕಿಸೋಣ ಅಂತ ಆಸೆ. ಗಾಡಿಗೆ ಸೈಕಲ್ ಚಕ್ರ ಹಾಕಿದ ಹಾಗಿದೆ ಅಂತ ತಮ್ಮ ಆಡಿಕೊಳ್ಳುತ್ತಾನೆ. ವಾರಕ್ಕೊಮ್ಮೆ ಹಾಸನ–ಬೆಂಗಳೂರು. ಹಿಂದಿನ ಸೀಟಿನಲ್ಲಿ ಅಪ್ಪ ಇರುತ್ತಾರೆ, ಅವರಿಗೆ ಸೊಂಟ ನೋವು. ಬಜೆಟ್ 50,000. 15 ಸಾಕಾ, 16ಕ್ಕೆ ಹೋಗಬಹುದಾ?

ಸಕಲೇಶಪುರದವನು:
ಹಾಕಿಸಬೇಡಿ. ನಂದೂ ಸ್ವಿಫ್ಟೇ. ನಾನು 16ಕ್ಕೂ ನಿಲ್ಲದೆ ನೇರ 17ಕ್ಕೆ ಹೋದವನು, 205/45. ಬಾಯಿಬಿಟ್ಟು ಹೇಳೋಕೆ ನಾಚಿಕೆ ಆಗುತ್ತದೆ, ಆದರೂ ಲೆಕ್ಕ ಕೇಳಿ. ರಿಮ್ ಸೆಟ್ 44,000. ಟೈರ್ ಒಂದಕ್ಕೆ 8,200, ನಾಲ್ಕಕ್ಕೆ 32,800. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ 1,400. ಅಲ್ಲಿಗೆ 78,200.

ಎರಡನೇ ತಿಂಗಳು, ಮಳೆ ಶುರುವಾಗಿತ್ತು. ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿಯುವಾಗ ನೀರು ತುಂಬಿದ ಗುಂಡಿ. ಮುಂದಿನ ಬಲಗಡೆ ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಒಂದೇ ಟೈರ್ ತಗೊಂಡೆ, ಅಷ್ಟರಲ್ಲಿ ರೇಟ್ 8,400 ಆಗಿತ್ತು. ನಾಲ್ಕನೇ ತಿಂಗಳಿಗೆ ಎರಡು ರಿಮ್ ಬೆಂಡು, ತೆಗೆಸೋಕೆ 3,600. ಆಮೇಲೆ ಗುಂಯ್ ಅಂತ ಸದ್ದು, ವೀಲ್ ಬೇರಿಂಗ್ 3,200. ಒಟ್ಟು 93,400. ಕೊನೆಗೆ ಸೆಟ್ ಮಾರಿದ್ದು 26,000ಕ್ಕೆ.

ಅಲಾಯ್ ಅಂದರೆ ಹಗುರ ಅಂತ ನಂಬಿದ್ದೆ. ಕಾಫಿ ಗೋಡೌನ್ ತಕ್ಕಡಿ ಮೇಲಿಟ್ಟು ನೋಡಿದೆ. ಟೈರ್ ಸೇರಿ ಹಳೆಯದು 14 ಕೆ.ಜಿ., ಹೊಸದು 19. ಒಂದೊಂದು ಚಕ್ರಕ್ಕೆ 5 ಕೆ.ಜಿ. ಜಾಸ್ತಿ. ಪಿಕಪ್ ಎಲ್ಲಿಂದ ಬರಬೇಕು? ಗುಂಡಿಯ ಏಟು ತಡೆಯುವ ಟೈರಿನ ಪಕ್ಕೆ, ಅಂದರೆ ಸೈಡ್‌ವಾಲ್, 132 ಎಂಎಂ ಇದ್ದದ್ದು 92ಕ್ಕೆ ಇಳಿದಿತ್ತು. ಈಗ ಮತ್ತೆ 14, ಮತ್ತೆ ಸ್ಟೀಲ್. ಗುಂಡಿಗೆ ಬಿದ್ದು ಬೆಂಡಾದರೆ ಸುತ್ತಿಗೆಯಲ್ಲಿ ಬಡಿದು ಕೊಡುತ್ತಾರೆ.

ಹದಿನಾರೇ ಸರಿ:
ಸರ್, ಮೂರು ಇಂಚು ಏರಿಸಿ ಆಮೇಲೆ ಅಲಾಯನ್ನೇ ಬೈದರೆ ಹೇಗೆ? ನನ್ನದು 195/55 ಆರ್16. ಸುತ್ತಳತೆ ಲೆಕ್ಕ ಹಾಕಿಯೇ ತಗೊಂಡೆ. ಕಂಪನಿ ಟೈರಿನ ಒಟ್ಟು ಎತ್ತರ (ವ್ಯಾಸ) 619.6 ಎಂಎಂ, ನನ್ನದು 620.9. ಒಂದೂಕಾಲು ಎಂಎಂ ವ್ಯತ್ಯಾಸ, ಸ್ಪೀಡೋಮೀಟರ್‌ಗೆ ಗೊತ್ತೇ ಆಗಲ್ಲ. 31,000 ಕಿ.ಮೀ. ಆಯಿತು, ಒಂದು ಬೆಂಡಿಲ್ಲ. ನೆಲಮಂಗಲದಿಂದ ಹಾಸನದ ಕಡೆ 100ರಲ್ಲಿ ಹೋದರೆ ಗಾಡಿ ರಸ್ತೆಗೆ ಅಂಟಿಕೊಂಡ ಹಾಗೆ ಹೋಗುತ್ತದೆ. ಮೊದಲು ಲಾರಿ ಪಕ್ಕ ಹೋದರೆ ತೂಗಾಡುತ್ತಿತ್ತು. ಮೈಲೇಜ್ 19 ಇದ್ದದ್ದು 17.5 ಆಗಿದೆ, ಅದನ್ನು ಒಪ್ಪುತ್ತೇನೆ. ಗಾಡಿಯನ್ನು ಗುಂಡಿಗೆ ಇಳಿಸೋದು ಡ್ರೈವರ್, ರಿಮ್ ಅಲ್ಲ.

ಸಕಲೇಶಪುರದವನು:
ಮಳೆಗಾಲದಲ್ಲಿ ಒಂದು ಸಲ ರಾತ್ರಿ ಘಟ್ಟ ಇಳಿದು ನೋಡಿ, ಆಮೇಲೆ ಡ್ರೈವಿಂಗ್ ಪಾಠ ಹೇಳಿ. ನೆಲಮಂಗಲ ಟೋಲ್ ರಸ್ತೆಯಲ್ಲಿ ಎತ್ತಿನ ಗಾಡಿಯೂ ನೆಟ್ಟಗೆ ಹೋಗುತ್ತದೆ.

ಹುಬ್ಬಳ್ಳಿ ಕ್ರೆಟಾ:
ನಿಮ್ಮಿಬ್ಬರದು ಇರಲಿ. ನಾವು ಕ್ರೆಟಾ ಟಾಪ್ ಮಾಡೆಲ್ ತಗೊಂಡೆವು, ಅದಕ್ಕೆ ಕಂಪನಿಯಿಂದಲೇ 17 ಇಂಚು ಬಂತು, 215/60. ನೋಡೋಕೆ ಏನ್ ಚೆಂದ ಅಂತೀರಿ. ಆದರೆ ನಮ್ಮವ್ವ ಕಲಘಟಗಿಯಿಂದ ಬರುವಾಗ ರಸ್ತೆಯ ಪ್ರತಿ ಹಂಪ್‌ಗೂ "ಅಯ್ಯಪ್ಪಾ" ಅನ್ನುವುದು ನಿಲ್ಲಲಿಲ್ಲ. ಕೆಳಗಿನ ಮಾಡೆಲ್‌ಗೆ 16 ಬರುತ್ತದಲ್ಲ, ಅದನ್ನೇ ಹಾಕಿಕೊಡಿ ಅಂದರೆ ಶೋರೂಮ್‌ನವರು ನಕ್ಕರು. "ಎಲ್ಲರೂ ದೊಡ್ಡದು ಕೇಳ್ತಾರ ಮೇಡಂ, ನೀವೊಬ್ರೇ ಸಣ್ಣದು ಕೇಳೋದು."

ನಾನು ಬಿಡಲಿಲ್ಲ. ಗುಜರಿಯಲ್ಲಿ ಅದೇ ಗಾಡಿಯ ಸ್ಟೀಲ್ ರಿಮ್ ಹುಡುಕಿದೆ, ಒಂದಕ್ಕೆ 2,200, ನಾಲ್ಕಕ್ಕೆ 8,800. ಅದಕ್ಕೆ 215/65 ಆರ್16 ಟೈರ್, 34,400. ಎತ್ತರ ನಾಲ್ಕು ಎಂಎಂ ಅಷ್ಟೇ ಕಡಿಮೆ. ಅವ್ವ ಈಗ ನಿದ್ದೆ ಹೊಡೆಯುತ್ತಾಳೆ. ಹಳೆ 17ರ ಸೆಟ್ ಅಟ್ಟದ ಮೇಲಿದೆ, ಗಾಡಿ ಮಾರುವಾಗ ಹಾಕುವುದು. ನಮ್ಮ ಮೈದುನ ಮಾತ್ರ "ವೈನಿ, ಟ್ಯಾಕ್ಸಿ ಮಾಡೀರೇನು?" ಅಂತ ಕೇಳುತ್ತಲೇ ಇದ್ದಾನೆ. ಕೇಳಲಿ ಬಿಡ್ರಿ.

ಪಾಲಿಸಿ ಓದಿದವನು:
ಇನ್ಶೂರೆನ್ಸ್ ಬಗ್ಗೆ ಯಾರೂ ಮಾತೇ ಎತ್ತಿಲ್ಲ. ಪಾಲಿಸಿಯಲ್ಲಿ ಬರೆಸದೆ ಹೊರಗೆ ಅಲಾಯ್ ಹಾಕಿಸಿದ್ದೆ. ಹಿಂದಿನಿಂದ ಒಬ್ಬ ಗುದ್ದಿದ, ಎಡಗಡೆ ರಿಮ್ ಸೀಳಿತು. ಬಂಪರ್‌ಗೆ ಕ್ಲೇಮ್ ಕೊಟ್ಟರು, ಅಲಾಯ್‌ಗೆ ಒಂದು ಪೈಸೆ ಇಲ್ಲ. ಒಂದೇ ರಿಮ್ ತರೋಣ ಅಂದರೆ ಆ ಡಿಸೈನ್ ಬರುವುದು ನಿಂತಿತ್ತು. ವೆಲ್ಡಿಂಗ್ ಮಾಡಿ ಕೊಡುತ್ತೇನೆ ಅಂದ ಒಬ್ಬ. ವೆಲ್ಡ್ ಮಾಡಿದ ರಿಮ್ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಲಾ? ಮೂರು ಚೆನ್ನಾಗಿರುವ ರಿಮ್ ಈಗಲೂ ಮನೆಯಲ್ಲಿದೆ. ಒಂದರ ಮೇಲೆ ತುಳಸಿ ಕುಂಡ ಇಟ್ಟಿದ್ದೇವೆ.

ಹದಿನಾರೇ ಸರಿ:
ಮೊದಲೇ ಬರೆಸಿ ಪ್ರೀಮಿಯಂ ಕಟ್ಟಿದ್ದರೆ ಆಗುತ್ತಿತ್ತು. ಇದೂ ಅಲಾಯ್ ತಪ್ಪಾ?

ಪಾಲಿಸಿ ಓದಿದವನು:
ನೀವು ಬರೆಸಿದ್ದೀರಾ? ಹೌದೋ ಅಲ್ಲವೋ, ಅಷ್ಟು ಹೇಳಿ ಸಾಕು.

ಟೈರ್ ಅಂಗಡಿ ಹುಡುಗ:
ನಮ್ಮ ಅಂಗಡಿಗೆ ದಿನಾ ಇಂಥ ಗಾಡಿ ಬರುತ್ತವೆ. ಸೈಜ್ ಒಂದೇ ಸಮಸ್ಯೆ ಅಲ್ಲ ಅಣ್ಣ. ಸ್ವಿಫ್ಟ್ ಹಬ್ (ರಿಮ್ ಕೂರುವ ನಡುವಿನ ದುಂಡು ಭಾಗ) 54.1 ಎಂಎಂ, ಹೊರಗಿನ ಅಲಾಯ್ ನಡುವಿನ ತೂತು ಎಷ್ಟೋ ಸಲ 73.1. ಮಧ್ಯೆ ರಿಂಗ್ ಹಾಕದೆ ಬಿಗಿದು ಕಳಿಸುತ್ತಾರೆ. 80–90ಕ್ಕೆ ಸ್ಟೀರಿಂಗ್ ನಡುಗುತ್ತದೆ. ಇವರು ಬ್ಯಾಲೆನ್ಸಿಂಗ್ ಸರಿಯಿಲ್ಲ ಅಂತ ಐದು ಅಂಗಡಿ ಸುತ್ತುತ್ತಾರೆ. ರಿಂಗ್ ಹಾಕಿಸಿ, ಗಾಳಿ ಸರಿಯಾಗಿ ಇಡಿ, ನೈಟ್ರೋಜನ್ ಹಾಕಿಸಿ.

ಸಕಲೇಶಪುರದವನು:
ಬಂತು ನೋಡಿ ನೈಟ್ರೋಜನ್! ಸುಮ್ನೆ ಸಿಗುವ ಗಾಳಿಯಲ್ಲೇ ನೂರಕ್ಕೆ 78 ಭಾಗ ಅದೇ ಇದೆ. ಉಳಿದದ್ದಕ್ಕೆ ಟೈರಿಗೆ 40 ರೂಪಾಯಿ ಕೊಡಬೇಕಾ?

ಟೈರ್ ಅಂಗಡಿ ಹುಡುಗ:
ಪ್ರೆಶರ್ ನಿಧಾನ ಇಳಿಯುತ್ತದೆ ಅಣ್ಣ. ಬೇಡ ಅಂದರೆ ಬೇಡ. ನಾನೇನು ನಿಮ್ಮ ಜೇಬಿಗೆ ಕೈ ಹಾಕಿಲ್ಲ.

ಸಕಲೇಶಪುರದವನು:
ನಿಮ್ಮಂಥ ಅಂಗಡಿಯವರೇ ನನಗೆ 17 ತೋರಿಸಿದ್ದು.

ಹುಬ್ಬಳ್ಳಿ ಕ್ರೆಟಾ:
ಆ ಹುಡುಗನ ಮೇಲೆ ಯಾಕ್ರೀ ಹಾರಾಡ್ತೀರಿ? ತೋರಿಸಿದ್ದು ಅವರಿರಬಹುದು, ಆಸೆಪಟ್ಟಿದ್ದು ನೀವಲ್ವಾ? ಮತ್ತೆ "ಹದಿನಾರೇ ಸರಿ" ಅವರೇ, ಹೋದ ವರ್ಷ ಕುಣಿಗಲ್ ಹತ್ತಿರ ಪಂಕ್ಚರ್ ಆಗಿ, ಅಲಾಯ್ ಕಳ್ಳತನ ತಡೆಯುವ ಲಾಕ್ ನಟ್‌ನ ಕೀ ಮನೆಯಲ್ಲಿ ಬಿಟ್ಟು ಬಂದಿದ್ದೇನೆ, ಏನು ಮಾಡಲಿ ಅಂತ ಇಲ್ಲೇ ಕೇಳಿದ್ದು ನೀವೇ ಅಲ್ಲವೇ?

ಹದಿನಾರೇ ಸರಿ:
ಅದು ಪಂಕ್ಚರ್. ಬೆಂಡಲ್ಲ. ನಾನು ಬೆಂಡಿಲ್ಲ ಅಂದೆ.

ಪಾಲಿಸಿ ಓದಿದವನು:
ಬರೆಸಿದ್ದೀರಾ ಅಂತ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಹಾಸನದ ಸ್ವಿಫ್ಟ್:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನ ಸೊಂಟದ ವಿಚಾರ ಯಾರೂ ಹೇಳಲಿಲ್ಲ, ಹುಬ್ಬಳ್ಳಿ ಮೇಡಂ ಅವರ ಅವ್ವನ ಕಥೆಯಿಂದಲೇ ಅರ್ಥ ಮಾಡಿಕೊಂಡೆ. ನಿನ್ನೆ ಅಂಗಡಿಗೆ ಹೋಗಿದ್ದೆ. ಕಂಪನಿಯವರೇ ಸ್ವಿಫ್ಟ್‌ನ ಮೇಲಿನ ಮಾಡೆಲ್ ಝಡ್‌ಎಕ್ಸ್‌ಐಗೆ ಕೊಡುವ 185/65 ಆರ್15 ಕೇಳಿದೆ. ಟೈರ್, ಕಂಪನಿ ಅಲಾಯ್ ಸೇರಿ 54,000 ಅಂದರು. ಅಪ್ಪ ಕಾರಿನಲ್ಲೇ ಕೂತಿದ್ದರು, ಕಿಟಕಿ ಇಳಿಸಿ ಎಷ್ಟಂತೆ ಅಂತ ಕೇಳಿದರು. ಹೇಳಿದೆ. ಕಿಟಕಿ ಏರಿಸಿಕೊಂಡರು. ಅದೇ 165/80 ನಾಲ್ಕು ಟೈರ್ ಹಾಕಿಸಿ, 17,200 ಕೊಟ್ಟು ಬಂದೆ. ತಮ್ಮನ ಬಾಯಿ ಮುಚ್ಚಿಸೋಕೆ ಒಳ್ಳೆ ವೀಲ್ ಕ್ಯಾಪ್ ನೋಡುತ್ತಿದ್ದೇನೆ. ಯಾವುದು ತಗೊಳ್ಳಲಿ?

ಸಕಲೇಶಪುರದವನು:
ವೀಲ್ ಕ್ಯಾಪ್ ಮಾತ್ರ ಬೇಡ. ನಂದು ಘಟ್ಟದಲ್ಲಿ ಎರಡು ಹಾರಿ ಹೋದವು. ಒಂದಕ್ಕೆ 480. ಲೆಕ್ಕ ಹೇಳುತ್ತೇನೆ ಕೇಳಿ.